ಬೇರೆಯವರ ಫೋನಿಗೆ ಹೌದು ಒತ್ತಿದ್ದು

ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನನಗೆ ಎರಡು ಕೆಲಸ. ಒಂದು ಟೀ ಮಾಡುವುದು, ಇನ್ನೊಂದು ಫೋನು ಕಾಯುವುದು. ಟೀ ವಿಷಯದಲ್ಲಿ ಇವತ್ತಿನವರೆಗೆ ಯಾರೂ ವಿಚಾರಣೆ ನಡೆಸಿಲ್ಲ. ಫೋನಿನ ವಿಷಯದಲ್ಲಿ ನಡೆಯಿತು. ಅದೂ ನನ್ನ ಮೇಲಲ್ಲ, ಮಾಲು ಕಳಿಸುವ ಡಿಸ್ಪ್ಯಾಚ್ ವಿಭಾಗದಲ್ಲಿ ಕೂರುವ ಹುಡುಗಿಯ ಮೇಲೆ. ಅವಳ ಕೆಲಸ ಹೋಗುತ್ತದೆ ಎಂದರು. ಗುಂಡಿ ಒತ್ತಿದ್ದು ನಾನು, ಹೋಗುವುದು ಅವಳ ಕೆಲಸ. ಇದು ಹೇಗೆ ಎಂದು ಆಗಲೂ ನನಗೆ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು ಓದುತ್ತೇನೆ. ಒತ್ತಕ್ಷರ ಬಂದರೆ ಸ್ವಲ್ಪ ನಿಂತು ಓದುತ್ತೇನೆ. ಇದನ್ನು ಬರೆದ ಮೇಲೆ ತಪ್ಪುಗಳನ್ನು ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೆ.

ಫ್ಯಾಕ್ಟರಿ ಬಹಳ ದೊಡ್ಡದಲ್ಲ. ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ದು ಪಂಪಿನ ಭಾಗ, ಟ್ರ್ಯಾಕ್ಟರಿನ ಭಾಗ ಮಾಡುತ್ತಾರೆ. ಅದರ ಡ್ರಾಯಿಂಗುಗಳು ಹೊರಗಿನ ಕಂಪನಿಗಳದ್ದು. ಅವನ್ನು ಯಾರೂ ಫೋಟೋ ತೆಗೆಯಬಾರದು ಎಂದು ಆ ಕಂಪನಿಗಳ ಕರಾರು. ಅದಕ್ಕೇ ಮ್ಯಾನೇಜರನ್ನು ಬಿಟ್ಟು ಉಳಿದ ಯಾರೂ ಒಳಗೆ ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಬೆಳಿಗ್ಗೆ ಬಂದವರು ಫೋನು ಕೊಟ್ಟು ಒಳಗೆ ಹೋಗಬೇಕು, ಸಂಜೆ ತೆಗೆದುಕೊಂಡು ಹೊರಗೆ ಹೋಗಬೇಕು.

ಮೊದಲು ಗೇಟಿನ ವಾಚ್‌ಮನ್ ಇಟ್ಟುಕೊಳ್ಳುತ್ತಿದ್ದ. ಎಲ್ಲವನ್ನೂ ಮೇಜಿನ ಡ್ರಾಯರಿಗೆ ಸುರಿಯುತ್ತಿದ್ದ. ಒಂದು ದಿನ ಒಬ್ಬನ ಫೋನು ಇನ್ನೊಬ್ಬನಿಗೆ ಕೊಟ್ಟ. ಆ ಇನ್ನೊಬ್ಬ ನೋಡದೆ ಕಿವಿಗಿಟ್ಟು ಮೊದಲಿನವನ ಹೆಂಡತಿಯ ಬೈಗುಳವನ್ನೆಲ್ಲ ಕೇಳಿಸಿಕೊಂಡ. ಜಗಳ ಬಿಡಿಸುವುದರಲ್ಲಿ ಮಧ್ಯಾಹ್ನದ ಕೆಲಸ ನಿಂತಿತು. ಆಮೇಲೆ ಮ್ಯಾನೇಜರು ನನ್ನನ್ನು ಕರೆದರು. "ಅಮ್ಮಾ, ನೀವೇ ಇಟ್ಕೊಳ್ಳಿ. ನೀವು ಹೆಂಗೂ ಟೀ ಬಿಟ್ಟು ಎಲ್ಲೂ ಹೋಗಲ್ಲ" ಎಂದರು.

ನಾನು ಹಿಂದೆ ಸೊಪ್ಪು ಮಾರುತ್ತಿದ್ದ ಬಿದಿರಿನ ಬುಟ್ಟಿಯನ್ನು ರಾಗಿಗುಡ್ಡದ ಮನೆಯಿಂದ ಬಸ್ಸಿನಲ್ಲಿ ತಂದೆ. ಬೆಳಗಿನ ಆ ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೋಗುವ ಕಾಲೇಜು ಹುಡುಗಿಯರು ತುಂಬಿರುತ್ತಾರೆ. "ಏನಜ್ಜಿ, ಬುಟ್ಟಿ ಖಾಲಿ?" ಎಂದರು. "ಫೋನು ಆರಿಸಿಕೊಂಡು ಬರೋಕೆ" ಎಂದೆ. ಅವರು ನಕ್ಕರು. ನಾನು ನಗಿಸಲು ಹೇಳಿದ ಮಾತಲ್ಲ ಅದು.

ಬುಟ್ಟಿಗೆ ಹಳೆ ಟವೆಲ್ ಹಾಸಿ ಫೋನುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಯಾರದ್ದು ಯಾವುದು ಎಂದು ನನಗೆ ಚೀಟಿ ಬೇಕಿರಲಿಲ್ಲ. ಗಾಜು ಒಡೆದದ್ದು ಅಚ್ಚಿನ ಮೇಸ್ತ್ರಿಯದ್ದು, ರಬ್ಬರ್ ಬ್ಯಾಂಡ್ ಸುತ್ತಿದ್ದು ತೂಕದವನದ್ದು, ನವಿಲುಗರಿ ಕವರಿನದ್ದು ಡಿಸ್ಪ್ಯಾಚ್ ಹುಡುಗಿಯದ್ದು.

ಬುಟ್ಟಿ ಇಡಲು ಕೊಟ್ಟ ಕೋಣೆಯ ಬಗ್ಗೆಯೂ ಹೇಳಬೇಕು. ಅಲ್ಲಿ ಮೊದಲು ಬೀರುವಿನಷ್ಟು ಎತ್ತರದ ಕಪ್ಪು ಡಬ್ಬ ಇತ್ತು. ಸರ್ವರ್ ಎನ್ನುತ್ತಿದ್ದರು. ಫ್ಯಾಕ್ಟರಿಯ ಲೆಕ್ಕ, ಡ್ರಾಯಿಂಗು ಎಲ್ಲ ಅದರೊಳಗೆ. ಅದಕ್ಕೆ ಹಗಲೂ ರಾತ್ರಿ ಎಸಿ. ಹೊರಗೆ ಕುಲುಮೆಯ ಮುಂದೆ ನಿಂತವರು ಬೆಂದು ಹೋಗುತ್ತಿದ್ದರೆ ಒಳಗೆ ಈ ಡಬ್ಬ ತಣ್ಣಗೆ ಇರುತ್ತಿತ್ತು. ಗುಡಿಸಲು ಹೋದಾಗ ನನ್ನ ಕೈ ಮರಗಟ್ಟುತ್ತಿತ್ತು. ಕೋಣೆಗೆ ಎರಡು ಬೀಗ. ಒಂದು ವರ್ಷ ನಾಲ್ಕು ಜನ ಬಂದು ಡಬ್ಬವನ್ನು ಹೊತ್ತು ಆಟೋಗೆ ಹಾಕಿಕೊಂಡು ಹೋದರು. ಇನ್ನು ಎಲ್ಲವೂ ಹೊರಗೆ, ಯಾವುದೋ ಊರಿನ ಯಾವುದೋ ಕಂಪನಿಯ ಕಟ್ಟಡದಲ್ಲಿ ಇರುತ್ತದಂತೆ, ನಾವು ಇಲ್ಲಿಂದ ತೆಗೆದು ನೋಡುವುದಂತೆ. ಗೋಡೆಯಲ್ಲಿ ದೀಪ ಮಿಣುಕುವ ಒಂದು ಸಣ್ಣ ಪೆಟ್ಟಿಗೆ ಉಳಿಯಿತು. ಎಸಿ ಆರಿಸಿದರು. ಬೀಗ ತೆಗೆದರು. ಆ ಕೋಣೆಗೆ ನನ್ನ ಸ್ಟೌ, ಲೋಟ, ಬುಟ್ಟಿ ಬಂದವು.

ಇದನ್ನೆಲ್ಲ ನೋಡಿಕೊಳ್ಳುವವರು ಶಿವಮೊಗ್ಗದ ಒಬ್ಬರು ನೆಟ್‌ವರ್ಕ್ ಎಂಜಿನಿಯರು. ಇಲ್ಲಿಯ ನೌಕರರಲ್ಲ. ಸುತ್ತಲಿನ ಹಲವು ಫ್ಯಾಕ್ಟರಿಗಳಿಗೆ ಬೈಕಿನಲ್ಲಿ ಓಡಾಡುತ್ತಾರೆ. ನಮ್ಮಲ್ಲಿಗೆ ವಾರಕ್ಕೊಂದು ಸಲ. ಬಂದವರು ಮೊದಲು ಗೋಡೆಯ ಪೆಟ್ಟಿಗೆ ನೋಡುತ್ತಾರೆ, ಆಮೇಲೆ ಟೀ ಕುಡಿಯುತ್ತಾರೆ. ಡಬ್ಬ ಹೋದ ಮೇಲೆ ಅವರು ಹೊಸ ಪದ್ಧತಿ ತಂದರು. ಆಫೀಸಿನವರು ಕಂಪ್ಯೂಟರಿಗೆ ತಮ್ಮ ಗುಟ್ಟಿನ ಪದ ಹಾಕಿದರೆ ಸಾಲದು. ಅವರ ಫೋನಿಗೆ ಒಂದು ಪ್ರಶ್ನೆ ಬರುತ್ತದೆ: ಒಳಗೆ ಬರುತ್ತಿರುವುದು ನೀನೇನಾ? ಹೌದು ಎಂದು ಒತ್ತಿದರೆ ಬಾಗಿಲು ತೆರೆಯುತ್ತದೆ.

"ಬೆಳಿಗ್ಗೆ ಒಂದು ಸಲ ಕೇಳಿದ್ರೆ ಸಾಲದಾ?" ಎಂದು ನಾನೇ ಕೇಳಿದ್ದೆ.

"ಇಲ್ಲ ಅಜ್ಜಿ. ಈಗಿನ ಪದ್ಧತಿ ಏನಂದ್ರೆ ಯಾರನ್ನೂ ನಂಬಬಾರದು. ಒಳಗಿರೋನನ್ನೂ ನಂಬಬಾರದು. ಆಗಾಗ ಕೇಳ್ತಾನೇ ಇರಬೇಕು."

"ನಮ್ಮತ್ತೆ ಹಿಂಗೇ ಇದ್ರು. ಅಡಿಗೆಮನೆಗೆ ಹೋದ್ರೂ ಯಾರದು ಅಂತ ಕೂಗೋರು."

"ನಿಮ್ಮತ್ತೆಗೆ ನಮ್ಮ ಕಂಪನಿಲಿ ಕೆಲಸ ಕೊಡ್ತಿದ್ವಿ ಬಿಡಿ" ಎಂದು ನಗುತ್ತ ಲೋಟ ಕೆಳಗಿಟ್ಟು ಹೋದರು.

ಅವರು ಬೈಕು ಹತ್ತಿ ಹೋದ ಮೇಲೆ ತೊಂದರೆ ಶುರುವಾಯಿತು. ಪ್ರಶ್ನೆ ಬರುವುದು ಫೋನಿಗೆ. ಫೋನು ಇರುವುದು ಕೆಳಗೆ ನನ್ನ ಬುಟ್ಟಿಯಲ್ಲಿ. ಆಫೀಸು ಇರುವುದು ಮೇಲೆ. ಕಂಪ್ಯೂಟರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ, ಮತ್ತೆ ಪ್ರಶ್ನೆ. ಡಿಸ್ಪ್ಯಾಚ್ ಹುಡುಗಿ ದಿನವಿಡೀ ಮೆಟ್ಟಿಲು ಇಳಿದು ಬಂದು ಒತ್ತಿ, ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಹೊತ್ತು ಮೀರಿತೆಂದು ಮತ್ತೆ ಇಳಿದು ಬರುತ್ತಿದ್ದಳು.

ಅವಳು ಭದ್ರಾವತಿಯವಳು. ಮನೆಯಲ್ಲಿ ತಮಿಳು, ನನ್ನನ್ನು ಅಜ್ಜಿ ಎನ್ನುವ ಬದಲು ಪಾಟಿ ಎನ್ನುತ್ತಿದ್ದಳು. ಕೆಲಸ ಟೆಂಪರರಿ. ಪರ್ಮನೆಂಟ್ ಮಾಡುವ ಮಾತು ನಡೆಯುತ್ತಿತ್ತು. ಅದಕ್ಕೇ ಎಲ್ಲದಕ್ಕೂ ಓಡುತ್ತಿದ್ದಳು.

ಒಂದು ದಿನ ಏದುಸಿರು ಬಿಡುತ್ತ ಬಂದು, "ಪಾಟಿ, ನಂದು ಗುಯ್ ಅಂದ್ರೆ ಈ ಹಸಿರು ಗುಂಡಿ ಕಾಣುತ್ತಲ್ಲ, ಇದನ್ನ ಒತ್ತಿಬಿಡಿ. ಫೋನ್ ಬಿಚ್ಚೋದೂ ಬೇಡ, ಮೇಲೇ ಬರುತ್ತೆ. ಹತ್ತಿ ಇಳಿದು ನನ್ನ ಮಂಡಿ ಹೋಯ್ತು" ಎಂದಳು.

"ನಿನ್ನ ವಯಸ್ಸಿಗೇ ಮಂಡಿನಾ? ನನ್ನ ಮಂಡಿ ಏನನ್ಬೇಕು?"

"ನಿಮ್ಮದು ಹಳೇ ಕಬ್ಬಿಣ ಪಾಟಿ. ನಂದು ಈಗಿನ ತಗಡು."

ಒತ್ತಿದೆ. ಮೇಲಿಂದ "ಆಯ್ತು ಪಾಟಿ!" ಎಂದು ಕೂಗಿದಳು. ಅಷ್ಟೇ. ಮಾರನೇ ದಿನ ಲೆಕ್ಕದವರೂ ಬಂದು ಹೇಳಿದರು, ಸ್ಟೋರಿನವರೂ ಹೇಳಿದರು. ಗುಯ್ ಎಂದರೆ ಒತ್ತುವುದು. ಹಾಲು ಉಕ್ಕಿದರೆ ಉರಿ ತಗ್ಗಿಸುವ ಹಾಗೆ ಅದೂ ಕೈಗೆ ರೂಢಿಯಾಯಿತು. ಒಂದು ದಿನ ಹುಡುಗಿ ಅಂಗಳದಲ್ಲಿ ಪೆಟ್ಟಿಗೆ ಎಣಿಸುತ್ತಿದ್ದಾಗ ಮ್ಯಾನೇಜರೇ ಅವಳ ಕಂಪ್ಯೂಟರಿನ ಮುಂದೆ ಕೂತು ಮೆಟ್ಟಿಲ ಮೇಲಿಂದ ಕೂಗಿದರು: "ಅಮ್ಮಾ, ಆ ನವಿಲುಗರಿ ಫೋನು ಒತ್ರೀ, ಬೇಗ, ಲಾರಿ ನಿಂತಿದೆ!" ಅದನ್ನೂ ಒತ್ತಿದೆ. ಲಾರಿ ಹೋಯಿತು.

ಎಂಜಿನಿಯರಿಗೆ ಇದು ಗೊತ್ತಿರಲಿಲ್ಲ. ನನ್ನನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಸಲ ಟೀ ಕುಡಿಯುತ್ತ ಮ್ಯಾನೇಜರಿಗೆ, "ಬೇರೆ ಫ್ಯಾಕ್ಟರಿಲೆಲ್ಲ ಈ ಫೋನ್ ಪದ್ಧತಿಗೆ ನನ್ನ ವಂಶಾನೇ ಬೈತಾರೆ ಸಾರ್. ನಿಮ್ಮಲ್ಲಿ ಮಾತ್ರ ಒಂದು ಕಂಪ್ಲೇಂಟ್ ಇಲ್ಲ" ಎಂದು ಹೊಗಳಿದ್ದರು. ಮ್ಯಾನೇಜರು, "ನಮ್ಮವರಲ್ಲಿ ಶಿಸ್ತಿದೆ" ಎಂದರು.

ಆ ದಿನ ಊಟದ ಹೊತ್ತು. ನಾನು ಲೋಟ ತೊಳೆಯುತ್ತಿದ್ದೆ. ನವಿಲುಗರಿ ಫೋನು ಗುಯ್ ಎಂದಿತು. ಕೈಯಲ್ಲಿ ಸೋಪು, ಬಿಟ್ಟೆ. ಮತ್ತೆ ಗುಯ್. ಮತ್ತೆ. ಯಾವಾಗಲೂ ಒಂದು ಸಲ ಬಂದು ಸ್ವಲ್ಪ ಹೊತ್ತು ಕಾಯುತ್ತಿದ್ದದ್ದು ಅವತ್ತು ಬಿಡದೆ ಬಂತು. ಬುಟ್ಟಿಯಲ್ಲಿದ್ದ ಪಕ್ಕದ ಫೋನುಗಳೂ ಅದರ ಜೊತೆ ಅಲುಗಿದವು. ಮೇಲೆ ಹುಡುಗಿ ನನಗೆ ಬೈಯುತ್ತ ಕೂತಿರಬೇಕು ಎಂದುಕೊಂಡೆ. ಸೀರೆಗೆ ಕೈ ಒರೆಸಿಕೊಂಡು ಒತ್ತಿದೆ. ನಿಂತಿತು. ಮೇಲಿಂದ "ಆಯ್ತು ಪಾಟಿ" ಬರಲಿಲ್ಲ. ಊಟ ಮಾಡುತ್ತಿದ್ದಾಳೆ, ಬಾಯಲ್ಲಿ ತುತ್ತಿದೆ ಎಂದುಕೊಂಡೆ.

ಮರುದಿನ ನಾನು ಬಂದಾಗ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಆರಿಸಿದ್ದರು. ಡ್ರಾಯಿಂಗುಗಳು ತೆರೆಯುತ್ತಿಲ್ಲ. ಹುಡುಗಿಯ ಹೆಸರಿನಲ್ಲಿ ಎಲ್ಲ ಕಂಪನಿಗಳಿಗೂ ಏನೇನೋ ಸುಳ್ಳು ಮೇಲ್ ಹೋಗಿದೆ. ಕುಲುಮೆ ಹಚ್ಚಲಿಲ್ಲ. ಡ್ರಾಯಿಂಗ್ ಇಲ್ಲದೆ ಏನು ಹುಯ್ಯುತ್ತಾರೆ? ಅಚ್ಚಿನವರೆಲ್ಲ ಬೇವಿನ ಮರದ ಕೆಳಗೆ ಕೂತರು. ಕೆಲಸವಿಲ್ಲದ ದಿನ ಟೀ ಜಾಸ್ತಿ ಹೋಗುತ್ತದೆ. ನನಗೊಬ್ಬಳಿಗೇ ಅವತ್ತು ಬಿಡುವಿರಲಿಲ್ಲ.

ಟೀ ತೆಗೆದುಕೊಂಡು ಮೇಲೆ ಹೋದಾಗ ಮ್ಯಾನೇಜರು ಹುಡುಗಿಯನ್ನು ಕೇಳುತ್ತಿದ್ದರು.

"ನಿನ್ನೆ ಊಟದ ಟೈಮಲ್ಲಿ ನಿನ್ನ ಫೋನಿಂದ ಹೌದು ಅಂತ ಹೋಗಿದೆ. ಇಲ್ಲಿ ದಾಖಲೆ ಇದೆ. ನೀನು ಯಾರನ್ನ ಒಳಗೆ ಬಿಟ್ಟೆ?"

"ನಾನು ಒತ್ತಿಲ್ಲ ಸಾರ್."

"ಹಂಗಾದ್ರೆ ನಿನ್ನ ಫೋನು ತಾನೇ ಒತ್ಕೊಂತಾ? ನೋಡು, ನಾಳೆ ಡ್ರಾಯಿಂಗ್ ಕಂಪನಿಯಿಂದ ಬರ್ತಿದ್ದಾರೆ. ಅವರು ಕೇಳಿದ್ರೆ ನಾನು ನಿನ್ನ ತೆಗೆದಿದ್ದೀನಿ ಅಂತಲೇ ಹೇಳ್ಬೇಕು. ಬೇರೆ ದಾರಿ ಇಲ್ಲ."

ಅವಳು ನನ್ನನ್ನು ನೋಡಿದಳು. ನೋಡಿ ಕಣ್ಣು ಬೇರೆ ಕಡೆ ಮಾಡಿದಳು. ನನ್ನ ಹೆಸರು ಎತ್ತಲಿಲ್ಲ. ಫೋನನ್ನು ಬೇರೆಯವರ ಕೈಗೆ ಕೊಟ್ಟು ಒತ್ತಿಸಬಾರದು ಎಂದು ಎಲ್ಲರ ಹತ್ತಿರ ಮೊದಲೇ ಸೈನು ಹಾಕಿಸಿಕೊಂಡಿದ್ದರಂತೆ. ನನ್ನ ಹೆಸರು ಹೇಳಿದರೂ ತಪ್ಪು ಅವಳದ್ದೇ ಆಗುತ್ತಿತ್ತು. ಅದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ, ನಾನು ಒತ್ತಿದ್ದನ್ನು ಇವಳು ಒತ್ತಿದ್ದು ಎನ್ನುತ್ತಿದ್ದಾರೆ.

ಟೀ ಇಟ್ಟು ಕೆಳಗೆ ಬಂದೆ. ಎಂಜಿನಿಯರು ನನ್ನ ಕೋಣೆಯಲ್ಲಿ ಗೋಡೆಯ ಪೆಟ್ಟಿಗೆಯ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಅವತ್ತು ಅವರು ಬರುವ ದಿನವಲ್ಲ. ಗಡ್ಡ ಹೆರೆದಿರಲಿಲ್ಲ.

"ಕಳ್ಳ ಎಲ್ಲಿಂದ ನುಗ್ಗಿದ?" ಎಂದೆ.

"ಎಲ್ಲಿಂದಲೂ ಅಲ್ಲ ಅಜ್ಜಿ. ಬಾಗಿಲಿಂದಲೇ ಬಂದಿದ್ದಾನೆ."

"ವಾಚ್‌ಮನ್ ಇದ್ದನಲ್ಲ."

"ಈ ಬಾಗಿಲಲ್ಲ."

"ಹಂಗಾದ್ರೆ ಈ ಕೋಣೆಗೆ ಬಂದಿದ್ನಾ? ಇಲ್ಲೇನಿದೆ? ಸ್ಟೌ, ಸಕ್ಕರೆ. ಡಬ್ಬ ಹೊತ್ಕೊಂಡು ಹೋಗಿ ಕಾಲವಾಯ್ತು."

"ಇಲ್ಲಿಗೂ ಬಂದಿಲ್ಲ. ಅವನು ಯಾವ ದೇಶದಲ್ಲಿ ಕೂತಿದ್ದಾನೋ."

"ನಮ್ಮ ಸಾಮಾನು ಬೇರೆ ಊರಲ್ಲಿ, ಕಳ್ಳ ಬೇರೆ ದೇಶದಲ್ಲಿ. ಮತ್ತೆ ಇಲ್ಲಿ ಯಾಕೆ ಕುಲುಮೆ ಆರಿಸಿದ್ರಿ?"

ಅವರು ವೈರು ಬಿಟ್ಟು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಹುಡುಗಿಗೆ ಹಿಂದಿನ ವಾರ ಕೊರಿಯರಿನದ್ದೆಂದು ಒಂದು ಮೇಲ್ ಬಂದಿತ್ತು. ಅದು ಕೊರಿಯರಿನದ್ದಲ್ಲ. ಅದನ್ನು ನಂಬಿ ಅವಳು ತನ್ನ ಗುಟ್ಟಿನ ಪದ ಹಾಕಿದ್ದಳು. ಹಾಗೆ ಪದ ಅವನಿಗೆ ಸಿಕ್ಕಿತು. ಆದರೆ ಪದವೊಂದಿದ್ದರೆ ಬಾಗಿಲು ತೆರೆಯುವುದಿಲ್ಲ. ಅವನು ಬಾಗಿಲು ಬಡಿದ, ಬಡಿದ, ಬಡಿದ. ಒಳಗಿನವರಿಗೆ ಬೇಸರ ಬಂದು ಯಾರಾದರೂ ತೆಗೆಯಲಿ ಎಂದು ಬಡಿಯುವುದೇ ಇಂಥ ಕಳ್ಳರ ಉಪಾಯವಂತೆ. ಊಟದ ಹೊತ್ತಿನಲ್ಲಿ ಯಾರೋ ಹೌದು ಎಂದರು.

"ಯಾರೋ ಅಲ್ಲ, ನಾನು" ಎಂದೆ.

ಅವರಿಗೆ ತಿಳಿಯಲಿಲ್ಲ. ಬುಟ್ಟಿ ತೋರಿಸಿದೆ. ಹಸಿರು ಗುಂಡಿ ಒತ್ತುವುದನ್ನು ಬೆರಳಲ್ಲಿ ಮಾಡಿ ತೋರಿಸಿದೆ. ಹಾಲಿನ ಕ್ರೇಟು ಬೋರಲು ಬಿದ್ದಿತ್ತು, ಅದರ ಮೇಲೆ ಕೂತರು.

"ಅವಳದ್ದೊಂದೇನಾ?"

"ಎಲ್ಲರದ್ದೂ."

"ಎಷ್ಟು ದಿನದಿಂದ?"

"ನೀವು ಈ ಪದ್ಧತಿ ಹಚ್ಚಿದ ವಾರದಿಂದ."

ನಗು ಬಂದ ಹಾಗೆ ಬಾಯಿ ತೆಗೆದರು, ನಗಲಿಲ್ಲ. "ಯಾರನ್ನೂ ನಂಬಬಾರದು ಅಂತ ಇಡೀ ಫ್ಯಾಕ್ಟರಿಗೆ ಕಟ್ಟಿದೆನಲ್ಲ ಅಜ್ಜಿ. ಎಲ್ಲರ ಹೌದೂ ಬಂದು ನಿಮ್ಮ ಬುಟ್ಟಿಲಿ ಕೂತಿದೆ!"

"ಫೋನು ಒಳಗೆ ತರಬಾರದು ಅಂದಿದ್ದು ನೀವೇ, ಫೋನಲ್ಲಿ ಒತ್ತಬೇಕು ಅಂದಿದ್ದೂ ನೀವೇ."

"ಒಂದು ಹೇಳಿದ್ದು ಡ್ರಾಯಿಂಗ್ ಕಂಪನಿ, ಇನ್ನೊಂದು ಹೇಳಿದ್ದು ನಾನು" ಎಂದರು. ಇಬ್ಬರು ಹೇಳಿದ್ದನ್ನು ಮಾಡಬೇಕಾದವರು ಒಬ್ಬರೇ ಎನ್ನುವುದು ಅವರ ಗಮನಕ್ಕೆ ಬಂದಿರಲಿಲ್ಲ ಎಂದು ಕಾಣುತ್ತದೆ.

ಸಂಜೆ ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳು ಬಟ್ಟೆ ಹೊಲಿಯುತ್ತಾಳೆ. ಮೆಷಿನ್ ನಿಲ್ಲಿಸದೆ ಕೇಳಿದಳು.

"ನೀನ್ಯಾಕೆ ನಾನು ನಾನು ಅಂತ ಹೋಗ್ತೀಯ ಮಾರಾಯ್ತಿ? ಪೊಲೀಸ್ನೋರು ಎಳ್ಕೊಂಡು ಹೋಗಿ ಕೂರಿಸಿದ್ರೆ?"

"ಕೂರಿಸ್ಲಿ. ಬೇರೆಯವರು ಮಾಡಿದ ಟೀ ಕುಡಿದು ಎಷ್ಟೋ ವರ್ಷ ಆಯ್ತು."

"ತಮಾಷೆ ಅಲ್ಲಮ್ಮ. ಆ ಹುಡುಗಿ ತಾನೇ ನಿನಗೆ ಒತ್ತು ಅಂದಿದ್ದು? ಅವಳೇ ಅನುಭವಿಸ್ಲಿ."

"ಒತ್ತು ಅಂದಿದ್ದು ಅವಳು ಕೇಳಿದಾಗ. ಅವತ್ತು ಅವಳು ಕೇಳಿರಲಿಲ್ಲ."

"ಅದು ನಿನಗೆ ಹೆಂಗೆ ಗೊತ್ತಾಗ್ಬೇಕಿತ್ತು?"

"ಗೊತ್ತಾಗ್ತಿರಲಿಲ್ಲ. ಅದಕ್ಕೇ ತಲೆ ಕೆಟ್ಟಿರೋದು."

ನನ್ನ ಗಂಡ ಭದ್ರಾವತಿಯ ದೊಡ್ಡ ಕಾರ್ಖಾನೆಯಲ್ಲಿದ್ದರು. ಗೇಟಿನಲ್ಲಿ ಹಿತ್ತಾಳೆ ಬಿಲ್ಲೆ ಹಾಕಿ ಒಳಗೆ ಹೋಗುವುದು. ಯಾರಾದರೂ ಬರುವುದು ತಡವಾದರೆ, ಮನೆಯಲ್ಲಿ ಸಾವೋ ಹೆರಿಗೆಯೋ ಆಗಿದ್ದರೆ, ಜೊತೆಯವನು ಅವನ ಬಿಲ್ಲೆಯನ್ನೂ ಹಾಕುತ್ತಿದ್ದ. ಗೇಟಿನವನಿಗೆ ಗೊತ್ತಿರುತ್ತಿತ್ತು. ಬಿಲ್ಲೆ ಎರಡು, ಆಳು ಒಂದು ಎಂದು ಅವನ ಕಣ್ಣಿಗೇ ಕಾಣುತ್ತಿತ್ತಲ್ಲ. ಕಂಡೂ ಸುಮ್ಮನಿರುತ್ತಿದ್ದ, ಇಲ್ಲವೇ ಬೈಯುತ್ತಿದ್ದ. ಒಟ್ಟಿನಲ್ಲಿ ನೋಡುವ ಒಬ್ಬ ಅಲ್ಲಿರುತ್ತಿದ್ದ. ಈ ಫೋನಿನ ಗೇಟಿನಲ್ಲಿ ನೋಡುವವರು ಯಾರು ಎಂದು ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೇಳುವುದು ಒಂದು ಯಂತ್ರ, ಉತ್ತರ ಹೇಳುವುದು ಇನ್ನೊಂದು ಯಂತ್ರ, ಮಧ್ಯೆ ನನ್ನ ಬೆರಳು. ಆದರೂ ಅಲ್ಲಿ ದಾಖಲಾಗುವುದು ಹುಡುಗಿಯ ಹೆಸರು.

ಮರುದಿನ ಆ ಡ್ರಾಯಿಂಗ್ ಕಂಪನಿಯಿಂದ ಒಬ್ಬ ಹೆಂಗಸು ಬಂದರು. ಮೇಲೆ ಮೇಜಿನ ಸುತ್ತ ಆಕೆ, ಮ್ಯಾನೇಜರು, ಎಂಜಿನಿಯರು ಕೂತಿದ್ದರು. ಹುಡುಗಿ ನಿಂತಿದ್ದಳು. ಎಂಜಿನಿಯರು ನನ್ನ ಮಾತನ್ನು ಮ್ಯಾನೇಜರಿಗೆ ಬೆಳಿಗ್ಗೆಯೇ ಹೇಳಿದ್ದರಂತೆ. "ಟೀ ಮಾಡೋರ ಕತೆಯನ್ನೆಲ್ಲ ಅವರ ಮುಂದೆ ತೆಗೀಬೇಡಿ, ಮಾನ ಹೋಗುತ್ತೆ. ದಾಖಲೆಲಿ ಇರೋದು ಹೇಳಿದ್ರೆ ಸಾಕು" ಎಂದಿದ್ದರಂತೆ ಮ್ಯಾನೇಜರು. ಹಾಗಾಗಿ ಎಂಜಿನಿಯರು ತಲೆ ತಗ್ಗಿಸಿ ಕೂತಿದ್ದರು.

ಟ್ರೇ ಇಟ್ಟು ನಾನು ಅಲ್ಲೇ ನಿಂತೆ.

"ಅಮ್ಮಾ, ನೀವು ಹೋಗಿ" ಎಂದರು ಮ್ಯಾನೇಜರು.

"ಹೋಗ್ತೀನಿ. ಅವಳು ಒತ್ತಿಲ್ಲ, ನಾನು ಒತ್ತಿದ್ದು. ಅದನ್ನ ಬರ್ಕೊಳ್ಳಿ, ಹೋಗ್ತೀನಿ."

ಬಂದ ಹೆಂಗಸು ಮೊದಲು ಲೋಟ ನೋಡಿದರು, ಆಮೇಲೆ ನನ್ನನ್ನು. "ನೀವು ಯಾರಮ್ಮ?"

"ಟೀ ಮಾಡ್ತೀನಿ. ಫೋನು ಕಾಯ್ತೀನಿ."

ಆಕೆ ಗದರಲಿಲ್ಲ. ಒಂದೊಂದೇ ಕೇಳಿದರು, ನಾನು ಒಂದೊಂದೇ ಹೇಳಿದೆ. ಫೋನು ಎಲ್ಲಿರುತ್ತದೆ, ಗುಯ್ ಎಂದರೆ ಏನು ಮಾಡುತ್ತೇನೆ, ಅವತ್ತು ಎಷ್ಟು ಹೊತ್ತು ಬಡಿಯಿತು ಎಲ್ಲ. ಆಮೇಲೆ, "ಒತ್ತಿ ಅಂತ ನಿಮಗೆ ಯಾರು ಹೇಳಿದ್ದು?" ಎಂದರು.

"ಮೊದಲು ಇವಳು ಹೇಳಿದ್ದು" ಎಂದು ಹುಡುಗಿಯ ಕಡೆ ಕೈ ಮಾಡಿದೆ. "ಆಮೇಲೆ ಲೆಕ್ಕದೋರು. ಆಮೇಲೆ ಸ್ಟೋರಿನೋರು. ಆಮೇಲೆ ಇವರು."

"ನಾನಾ?" ಎಂದರು ಮ್ಯಾನೇಜರು.

"ಲಾರಿ ನಿಂತಿದೆ ಅಂದ್ರಲ್ಲ ಸಾರ್, ನವಿಲುಗರಿ ಫೋನು ಒತ್ರೀ ಅಂತ. ಇವಳು ಅಂಗಳದಲ್ಲಿದ್ಲು. ಇವಳ ಜಾಗದಲ್ಲಿ ನೀವು ಕೂತಿದ್ರಿ."

ಆ ಹೆಂಗಸು ಮ್ಯಾನೇಜರ ಕಡೆ ತಿರುಗಿದರು. ಅವರು ಟೀ ಲೋಟ ಎತ್ತಿಕೊಂಡರು. ಲೋಟ ಖಾಲಿಯಾಗಿತ್ತು, ಆದರೂ ಕುಡಿದರು.

"ಅದು ಏನು ಕೇಳ್ತಿದೆ ಅಂತ ನಿಮಗೆ ಗೊತ್ತಿತ್ತಾ ಅಮ್ಮ?" ಎಂದು ಆಕೆ ಮತ್ತೆ ನನ್ನನ್ನು ಕೇಳಿದರು.

"ನೀನೇನಾ ಅಂತ ಕೇಳುತ್ತೆ ಅಂತ ಇವರು ಹೇಳಿದ್ರು" ಎಂದು ಎಂಜಿನಿಯರನ್ನು ತೋರಿಸಿದೆ. "ಅವಳೇನಾ ಅಂತ ಕೇಳ್ತಿದ್ರೆ ನಾನು ಏನನ್ಬೇಕು? ಅವಳು ಮೇಲೆ ಕೂತಿದ್ಲು. ಹೌದು ಅಂದೆ. ಅವಳು ಮೇಲೆ ಕೂತಿದ್ದದ್ದು ಸುಳ್ಳಲ್ಲವಲ್ಲ."

ಆಕೆ ಏನನ್ನೋ ಟೈಪು ಮಾಡಿಕೊಂಡರು. ಬಹಳ ಹೊತ್ತು ಮಾಡಿದರು. ನಾನು ಖಾಲಿ ಲೋಟ ಎತ್ತಿಕೊಂಡು ಕೆಳಗೆ ಬಂದೆ.

ಹುಡುಗಿಯನ್ನು ತೆಗೆಯಲಿಲ್ಲ. ತೆಗೆದರೆ ಮ್ಯಾನೇಜರನ್ನೂ ತೆಗೆಯಬೇಕಾಗುತ್ತದೆ ಎಂದು ಆ ಹೆಂಗಸು ಹೇಳಿದರಂತೆ. ಪರ್ಮನೆಂಟ್ ಮಾಡುವ ಮಾತು ಮಾತ್ರ ನಿಂತಿತು. ಅವಳಿಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಮ್ಯಾನೇಜರಿಗೆ ಏನು ಕೊಟ್ಟರೋ ಗೊತ್ತಿಲ್ಲ, ಕೆಲವು ದಿನ ಅವರು ನನ್ನ ಟೀ ಕುಡಿಯದೆ ಹೊರಗಿನ ಅಂಗಡಿಗೆ ಹೋದರು. ಅಲ್ಲಿಯ ಟೀ ಕೆಟ್ಟದ್ದು, ಮತ್ತೆ ಬಂದರು.

ನನಗೆ ಏನೂ ಆಗಲಿಲ್ಲ. ಅದು ಯಾಕೆ ಎಂದು ಎಂಜಿನಿಯರನ್ನು ಕೇಳಿದೆ.

"ನಿಮ್ಮ ಹೆಸರು ಯಾವ ಕಂಪ್ಯೂಟರಲ್ಲೂ ಇಲ್ಲ ಅಜ್ಜಿ. ಇಲ್ಲದ ಹೆಸರನ್ನ ತೆಗೆಯೋದು ಹೆಂಗೆ?"

"ಒತ್ತಿದ್ದು ನಾನೇ ಅಂತ ಈಗ ಎಲ್ಲರಿಗೂ ಗೊತ್ತಲ್ಲ."

"ಎಲ್ಲರಿಗೂ ಗೊತ್ತು. ಸಿಸ್ಟಮ್ಮಿಗೆ ಗೊತ್ತಿಲ್ಲ."

ಪದ್ಧತಿ ಬದಲಾಯಿತು. ಈಗ ಬರೀ ಹಸಿರು ಗುಂಡಿಯಿಲ್ಲ. ಕಂಪ್ಯೂಟರಿನ ಮೇಲೆ ಒಂದು ಅಂಕಿ ಬರುತ್ತದೆ, ಅದನ್ನು ನೋಡಿ ಫೋನಿನಲ್ಲಿ ಹಾಕಬೇಕು. ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ ಆ ಅಂಕಿ ಕಾಣುತ್ತದೆ. ಹಾಗಾಗಿ ಆಫೀಸಿನವರ ಫೋನು ಅವರ ಹತ್ತಿರವೇ ಇರಲಿ ಎಂದು ಬಿಟ್ಟರು. ಫೋಟೋ ತೆಗೆಯದ ಹಾಗೆ ಕ್ಯಾಮೆರಾದ ಕಣ್ಣಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಬೆರಳಿನ ಉಗುರಷ್ಟು ಸ್ಟಿಕ್ಕರ್. ಇಷ್ಟು ದಿನ ಇದು ಎಲ್ಲಿತ್ತು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಒಂದು ಮಾಡಿದ್ದಾರೆ. ಮಾಲು ಕಳಿಸುವವರಿಗೆ ಮಾಲಿನ ಲೆಕ್ಕ ಮಾತ್ರ ಕಾಣುತ್ತದಂತೆ, ಡ್ರಾಯಿಂಗು ಕಾಣುವುದಿಲ್ಲವಂತೆ. ಕೂಡು ಮನೆಯಲ್ಲಿ ಒಬ್ಬೊಬ್ಬ ಸೊಸೆಗೂ ಅವಳ ಟ್ರಂಕಿನ ಕೀಲಿ ಮಾತ್ರ ಕೊಡುವ ಹಾಗೆ ಎಂದು ನಾನು ತಿಳಿದುಕೊಂಡಿದ್ದೇನೆ. ಸರಿಯೋ ತಪ್ಪೋ.

ಬುಟ್ಟಿಯಲ್ಲಿ ಈಗ ಕುಲುಮೆಯವರ, ಅಚ್ಚಿನವರ ಫೋನು ಮಾತ್ರ. ಅವು ಗುಯ್ ಎಂದರೆ ನಾನು ಮುಟ್ಟುವುದಿಲ್ಲ. ಮೊನ್ನೆ ಅಚ್ಚಿನ ಮೇಸ್ತ್ರಿಯ ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಬಿಟ್ಟೆ. ಅವನ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದರು. "ಎತ್ತಿ ಒಂದು ಮಾತು ಹೇಳೋಕೆ ಏನಾಗಿತ್ತು ಅಜ್ಜಿ?" ಎಂದು ಬೈದ.

ಹುಡುಗಿ ಟೀಗೆ ಬರುತ್ತಾಳೆ. ಲೋಟ ತೆಗೆದುಕೊಂಡು ಮೇಲೆ ಹೋಗುತ್ತಾಳೆ. ಪಾಟಿ ಎನ್ನುವುದನ್ನು ಬಿಟ್ಟಿದ್ದಾಳೆ. ಮ್ಯಾನೇಜರ ಹಾಗೆ ಅಮ್ಮ ಎನ್ನುತ್ತಾಳೆ.

ಒಂದು ಸಂಜೆ ಇಬ್ಬರೂ ಒಟ್ಟಿಗೆ ಗೇಟು ದಾಟಿದೆವು. ಅವಳ ಭದ್ರಾವತಿ ಬಸ್ಸು ರಸ್ತೆಯ ಆ ಕಡೆ ನಿಲ್ಲುತ್ತದೆ, ನನ್ನ ಶಿವಮೊಗ್ಗದ ಬಸ್ಸು ಈ ಕಡೆ. ಅವಳು ದಾಟದೆ ನನ್ನ ಪಕ್ಕದಲ್ಲೇ ನಿಂತಳು.

"ಒಂದು ಕೇಳ್ಲಾ?"

"ಕೇಳು."

"ಮೊದಲು ಹೇಳಿದ್ದು ನಾನು ಅಂತ ಹೇಳಲೇಬೇಕಿತ್ತಾ?"

"ಯಾರು ಅಂತ ಕೇಳಿದ್ರು. ಹೇಳಿದೆ."

"ಎಲ್ಲರೂ ಹೇಳಿದ್ರು ಅಂದಿದ್ರೆ ಸಾಕಿತ್ತು."

"ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂತ ಆಗ್ತಿತ್ತು. ಆಗ ಅವರು ದಾಖಲೆಲಿರೋ ನಿನ್ನ ಹೆಸರನ್ನೇ ಹಿಡ್ಕೊಳ್ತಿದ್ರು."

"ಈಗಲೂ ನನ್ನ ಹೆಸರನ್ನೇ ಹಿಡ್ಕೊಂಡಿದ್ದಾರಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಾನು ಸುಳ್ಳು ಹೇಳಿದ್ನಾ?"

"ಇಲ್ಲ. ನಿಜಾನೇ ಹೇಳಿದ್ರಿ. ಅದಕ್ಕೇ ಏನೂ ಅನ್ನೋಕೆ ಆಗ್ತಿಲ್ಲ."

ಅವಳ ಬಸ್ಸು ಕಾಣಿಸಿತು. ಎರಡೂ ಕಡೆ ನೋಡಿ ರಸ್ತೆ ದಾಟಿದಳು, ಹತ್ತಿದಳು, ಹೋದಳು.

ಅವಳ ಕೆಲಸ ಉಳಿದದ್ದು ನಾನು ಹೇಳಿದ್ದರಿಂದ ಎಂದು ಎಂಜಿನಿಯರು ಹೇಳುತ್ತಾರೆ. ಪರ್ಮನೆಂಟ್ ಆಗದೆ ಹೋದದ್ದೂ ನಾನು ಹೇಳಿದ್ದರಿಂದಲೇ ಎಂದು ಮಗಳು ಹೇಳುತ್ತಾಳೆ. ಒಂದೇ ಮಾತು ಎರಡನ್ನೂ ಹೇಗೆ ಮಾಡುತ್ತದೆ? ಇಬ್ಬರಲ್ಲಿ ಒಬ್ಬರದ್ದು ತಪ್ಪಿರಬೇಕು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಅಷ್ಟರಲ್ಲಿ ನನ್ನ ಬಸ್ಸು ಬಂದು, ಕೈ ಅಡ್ಡ ಹಿಡಿಯಲಿಲ್ಲವೆಂದು ನಿಲ್ಲಿಸದೆ ಹೋಯಿತು. ಮುಂದಿನದಕ್ಕೆ ಕೈ ಅಡ್ಡ ಹಿಡಿದು ಹತ್ತಿದೆ.